ಕಾಣದ ಡಿಸ್ಕು

ಲ್ಯಾಪ್‌ಟಾಪಿನಲ್ಲಿ ಹೊಸದಾಗಿ ವಿಂಡೋಸನ್ನು ಸ್ಥಾಪಿಸಲು ಹೊರಟ ವಿದ್ಯಾರ್ಥಿಯು, ಡಿಸ್ಕನ್ನು ಆರಿಸಬೇಕಾದ ಪಟ್ಟಿಯೇ ಬರಿದಾಗಿರುವುದನ್ನು ಕಂಡು ಎದೆಗುಂದುವುದುಂಟು. ಡಿಸ್ಕಿನ ಹೆಸರು ಬಯಾಸ್ ಪರದೆಯಲ್ಲಿ ಕಾಣುತ್ತಿದ್ದರೆ, ಅದು ಬಹುಮಟ್ಟಿಗೆ ಕ್ಷೇಮವಾಗಿದೆಯೆಂದೇ ತಿಳಿಯಬೇಕು. ಹಾಗಾದರೆ ಮರೆಯಾದುದೇಕೆ?

ಸ್ಥಾಪನೆಯ ತಂತ್ರಾಂಶವು ಡಿಸ್ಕಿನ ನಿಯಂತ್ರಕದೊಡನೆ ಮಾತನಾಡಬೇಕು. ಅದಕ್ಕೆ ಬೇಕಾದ ದುಭಾಷಿಯೇ ಡ್ರೈವರ್. ೨೦೨೦ರಲ್ಲಿ ಬಂದ ಇಂಟೆಲ್ ೧೧ನೆಯ ಪೀಳಿಗೆಯಿಂದೀಚೆಗೆ, ಅನೇಕ ಲ್ಯಾಪ್‌ಟಾಪುಗಳಲ್ಲಿ ಎನ್‌ವಿಎಂಇ ಡಿಸ್ಕುಗಳು ವಿಎಂಡಿ ಎಂಬ ನಿಯಂತ್ರಕದ ಹಿಂದೆ ಇರುತ್ತವೆ. ಎನ್‌ವಿಎಂಇ ಭಾಷೆಯನ್ನು ವಿಂಡೋಸ್ ಬಲ್ಲದು. ಆದರೆ ಬಾಗಿಲಲ್ಲಿ ನಿಂತ ವಿಎಂಡಿಯ ಭಾಷೆ ತಿಳಿಯದಿದ್ದರೆ ಒಳಗಿನ ಡಿಸ್ಕು ಇದ್ದೂ ಇಲ್ಲದಂತೆಯೇ. (ತೊಡಕು ಹೊಸದಲ್ಲ. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ಎಫ್೬ ಕೀಲಿಯನ್ನೊತ್ತಿ, ಫ್ಲಾಪಿಯಿಂದ ಡ್ರೈವರನ್ನು ಒದಗಿಸಬೇಕಾಗುತ್ತಿತ್ತು.) ಲಿನಕ್ಸ್ ಕರ್ನೆಲ್ಲಿನಲ್ಲಿ ವಿಎಂಡಿ ಡ್ರೈವರ್ ೨೦೧೬ರಿಂದಲೇ ಉಂಟು.

ಬೇರೊಂದು ಕಂಪ್ಯೂಟರಿನಲ್ಲಿ, ಲ್ಯಾಪ್‌ಟಾಪ್ ತಯಾರಕರು ಕೊಡುವ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಪಡೆದು, ಬಿಚ್ಚಿ, ಪೆನ್‌ಡ್ರೈವಿಗೆ ಹಾಕಿಕೊಳ್ಳಿರಿ. ಬಿಚ್ಚದ ಕಡತ ಕೆಲಸಕ್ಕೆ ಬಾರದು. ಒಳಗಿನ ಐಎನ್‌ಎಫ್ ಕಡತವೇ ಬೇಕು. ಬರಿದಾದ ಪಟ್ಟಿಯ ಬಳಿಯ ‘ಲೋಡ್ ಡ್ರೈವರ್’ ಒತ್ತಿ ಆ ಫೋಲ್ಡರನ್ನು ತೋರಿಸಿದೊಡನೆ ಡಿಸ್ಕು ಪ್ರತ್ಯಕ್ಷವಾಗುತ್ತದೆ.

ಬಯಾಸಿನಲ್ಲಿ ವಿಎಂಡಿಯನ್ನೇ ನಿಲ್ಲಿಸಿಬಿಡುವ ಅಡ್ಡದಾರಿಯೂ ಉಂಟು. ಅನೇಕರು ಮೊದಲು ಹಿಡಿಯುವುದು ಇದನ್ನೇ. ನನಗಿದು ಅಷ್ಟು ಒಪ್ಪಿಗೆಯಲ್ಲ. ವಿಎಂಡಿಯ ಮೂಲಕ ಮೊದಲೇ ಸ್ಥಾಪಿತವಾದ ವಿಂಡೋಸ್ ಆ ಡಿಸ್ಕಿನಲ್ಲಿದ್ದರೆ, ಅದು ಸಾಮಾನ್ಯವಾಗಿ ನೀಲಿ ಪರದೆಯಲ್ಲಿ ನಿಂತುಬಿಡುತ್ತದೆ. ಗಾಬರಿಗೊಂಡು ಡಿಸ್ಕನ್ನು ಅಳಿಸಬೇಡಿರಿ; ವಿಎಂಡಿಯನ್ನು ಮೊದಲಿನಂತೆ ಚಾಲೂ ಮಾಡಿದರೆ ಹಳೆಯ ವ್ಯವಸ್ಥೆ ಕಡತಗಳೊಡನೆ ಮರಳುತ್ತದೆ. ಎರಡು ಡಿಸ್ಕುಗಳನ್ನು ರೇಡ್ ಕ್ರಮದಲ್ಲಿ ಒಂದಾಗಿ ಜೋಡಿಸಿದ್ದಲ್ಲಿ ಮಾತ್ರ ಈ ದಾರಿಯನ್ನು ತುಳಿಯಲೇ ಕೂಡದು.