ಫೀಸು ಕಟ್ಟುವ ಮುನ್ನ

ಬ್ಯೂಟಿಷಿಯನ್ ಕೋರ್ಸಿಗೆ ಸೇರಲು ಹೊರಟ ತಂಗಿಯರೇ, ಪೂರ್ತಿ ಫೀಸನ್ನು ಒಂದೇ ಸಲ ಕಟ್ಟಬೇಡಿ. ರಿಯಾಯಿತಿಯ ಆಸೆ ತೋರಿಸಿದರೂ ಬೇಡ. ಶಾಲೆ ನಡುವೆಯೇ ಮುಚ್ಚಿಹೋಗಬಹುದು. 2016ರ ಫೆಬ್ರವರಿಯಲ್ಲಿ ಅಮೆರಿಕದ ಮ್ಯಾರಿನೆಲ್ಲೊ ಬ್ಯೂಟಿ ಶಾಲೆ ತನ್ನ 56 ಶಾಖೆಗಳಿಗೂ ದಿಢೀರನೆ ಬೀಗ ಹಾಕಿತು. ಓದುತ್ತಿರುವಾಗಲೇ ಶಾಲೆ ಮುಚ್ಚಿದರೆ ಸರ್ಕಾರಿ ಶಿಕ್ಷಣ ಸಾಲ ಮನ್ನಾ ಮಾಡಿಸಿಕೊಳ್ಳಲು ಅಲ್ಲಿ ಕಾನೂನಿನ ದಾರಿಯಿದೆ. ನಮ್ಮಲ್ಲಿ ಖಾಸಗಿ ಫೈನಾನ್ಸ್ ಸಾಲಕ್ಕೆ ಅಂಥ ಆಸರೆಯಿಲ್ಲ.

ನನಗೆ ಹೆಚ್ಚು ಭಯವಿರುವುದು ಈ ಖಾಸಗಿ ಸಾಲದ್ದೇ. ಶಾಲೆಯ ಕೌಂಟರಿನಲ್ಲಿ ಆಧಾರ್, ಪ್ಯಾನ್ ಪಡೆದು, ಮೊಬೈಲಿಗೆ ಬಂದ ಒಟಿಪಿ ಕೇಳಿ, ‘ಬಡ್ಡಿಯಿಲ್ಲದ ಇಎಂಐ’ ಅನ್ನುತ್ತಾರೆ. ಅದು ನಿಮ್ಮ ಹೆಸರಿನ ಸಾಲ. ಹಣ ಶಾಲೆಗೆ ಹೋಗುತ್ತದೆ. ಶಾಲೆ ಮುಚ್ಚಿದರೂ ಕಂತು ತಾನಾಗಿ ನಿಲ್ಲುವುದಿಲ್ಲ. ಸಾಲದ ಪತ್ರ ಓದದೆ ಒಟಿಪಿ ಹೇಳಬೇಡಿ.

ರಸೀದಿ ಜೋಪಾನ. ಹಾಜರಿಗೆ, ಕಲಿತ ಪಾಠಗಳ ವಿವರಕ್ಕೆ ತಿಂಗಳಿಗೊಮ್ಮೆ ಸಹಿ, ಸೀಲು ಹಾಕಿಸಿಕೊಳ್ಳಿ. ಬೇರೆ ಕಡೆ ಮುಂದುವರಿಸಲು ಅದು ಬೇಕಾದೀತು. ಶಾಲೆ ಮುಚ್ಚಿಯೇಬಿಟ್ಟರೆ ಸಹಪಾಠಿಗಳೆಲ್ಲ ಸೇರಿ ಪೊಲೀಸರಿಗೆ ದೂರು ಕೊಡಿ, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಫೈನಾನ್ಸ್ ಕಂಪನಿಗೆ ಲಿಖಿತವಾಗಿ ತಿಳಿಸಿ. ಕಂಪನಿ 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.