ಬೆಳೆಯ ಫೋಟೊ ಚಿಕ್ಕದಾಗಲಿ, ಅದರ ಚೀಟಿ ಕಳೆಯದಿರಲಿ

ಮಣ್ಣು ಪರೀಕ್ಷೆಗೆ ಮಾದರಿ ಕಳಿಸುವ ರೈತರು ಚೀಲದೊಳಗೆ ಒಂದು ಚೀಟಿ ಇಡುತ್ತಾರೆ. ಹೆಸರು, ಸರ್ವೆ ನಂಬರು, ಮಾದರಿ ತೆಗೆದ ತಾರೀಖು, ಹಿಂದಿನ ಬೆಳೆ ಇವೆಲ್ಲ ಅದರಲ್ಲಿರುತ್ತವೆ. ಚೀಟಿ ಕಳೆದುಹೋದ ಚೀಲ ಪ್ರಯೋಗಶಾಲೆಗೆ ಬಂದರೆ ಮಣ್ಣಿನ ರಸಸಾರವನ್ನೇನೋ ಅಳೆಯಬಹುದು. ಯಾವ ಹೊಲಕ್ಕೆ ಎಷ್ಟು ಸುಣ್ಣ ಹಾಕಬೇಕೆಂದು ಹೇಳಲಾಗುವುದಿಲ್ಲ. ಮೊಬೈಲಿನಲ್ಲಿ ತೆಗೆದ ಬೆಳೆಯ ಫೋಟೊಗೂ ಇಂಥದೇ ಚೀಟಿ ಉಂಟು. ಅದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಕಳೆದದ್ದೂ ಗೊತ್ತಾಗುವುದಿಲ್ಲ.

ಚೀಟಿಯಲ್ಲಿ ಏನಿರುತ್ತದೆ?

ಈ ಮಾಹಿತಿಗೆ ಎಕ್ಸಿಫ್ ಎಂದು ಹೆಸರು. ಫೋಟೊ ತೆಗೆದ ದಿನ, ಗಂಟೆ, ನಿಮಿಷ, ಮೊಬೈಲಿನ ಮಾದರಿ, ಚಿತ್ರ ಹಿಡಿದ ದಿಕ್ಕು ಇವು ಅದರಲ್ಲಿ ಸೇರಿರುತ್ತವೆ. ಕ್ಯಾಮೆರಾಕ್ಕೆ ಸ್ಥಳ ದಾಖಲಿಸಲು ಅನುಮತಿ ಕೊಟ್ಟಿದ್ದರೆ ಅಕ್ಷಾಂಶ, ರೇಖಾಂಶಗಳೂ ಇರುತ್ತವೆ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರು. ದಶಮಾಂಶದ ನಾಲ್ಕನೆಯ ಸ್ಥಾನಕ್ಕೆ ಬಂದರೆ ಸುಮಾರು 11 ಮೀಟರು. ಎಂದರೆ ಬಯಲು ಹೊಲದಲ್ಲಿ ತೆಗೆದ ಚಿತ್ರದಿಂದ ಯಾವ ತಾಕೆಂಬುದನ್ನು ಗುರುತಿಸಬಹುದು. ದಟ್ಟ ಅಡಿಕೆ ತೋಟದ ನೆರಳಿನಲ್ಲಿ ಇಷ್ಟು ಖಚಿತತೆ ಸಿಗಲಾರದು.

ಇದರ ಬೆಲೆ ಏನೆಂದು ತಿಳಿಯಲು 2018ರ ಮೇ ತಿಂಗಳನ್ನು ನೆನೆದರೆ ಸಾಕು. ಮುಸುಕಿನ ಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು ಆಗ, ಶಿವಮೊಗ್ಗದ ಹೊಲಗಳಲ್ಲಿ. ಹೊಸ ಕೀಟ ಕಾಲಿಟ್ಟಾಗ ಎಲ್ಲಿ, ಯಾವ ದಿನ, ಪೈರು ಎಷ್ಟು ದಿನದ್ದಿದ್ದಾಗ ಕಂಡಿತೆಂಬುದೇ ಮುಖ್ಯ. ತಾರೀಖಿಲ್ಲದ ಹುಳುವಿನ ಚಿತ್ರ ಹತ್ತು ಗುಂಪು ಸುತ್ತಿ ಬಂದರೆ, ಅದು ಇಂದಿನದೋ ಹೋದ ವರ್ಷದ್ದೋ, ಪಕ್ಕದ ಊರಿನದೋ ಬೇರೆ ರಾಜ್ಯದ್ದೋ ಹೇಳುವವರಿಲ್ಲ. ವಿಸ್ತರಣಾ ಕಾರ್ಯಕರ್ತರು ಓಡಾಡಿ ಹೊತ್ತು ಕಳೆಯುವಷ್ಟರಲ್ಲಿ ಹುಳು ಸುಳಿಯೊಳಗೆ ಇಳಿದಿರುತ್ತದೆ. ಆಮೇಲೆ ಸಿಂಪರಣೆ ಅದಕ್ಕೆ ತಾಗುವುದು ಕಷ್ಟ.

ಎಷ್ಟು ಚಿಕ್ಕದು ಮಾಡಬಹುದು?

ಸಾಮಾನ್ಯ ಮೊಬೈಲಿನ ಚಿತ್ರ 4000 x 3000 ಪಿಕ್ಸೆಲ್ ಇದ್ದು, ಹಲವು ಎಂ.ಬಿ. ತೂಗುತ್ತದೆ. ಇದನ್ನು 1600 x 1200ಕ್ಕೆ ಇಳಿಸಿದರೆ ಪಿಕ್ಸೆಲ್‌ಗಳ ಸಂಖ್ಯೆ ಆರನೆಯ ಒಂದು ಭಾಗಕ್ಕಿಂತ ತುಸು ಕಡಿಮೆಯಾಗುತ್ತದೆ. ಹಳ್ಳಿಯ ಮಂದ ನೆಟ್‌ವರ್ಕಿನಲ್ಲೂ ಹೋಗುತ್ತದೆ. ಮಾಹಿತಿಯನ್ನು ಕಿತ್ತುಹಾಕಿದರೆ ಚಿತ್ರ ಹಗುರವಾದೀತೆಂಬ ನಂಬಿಕೆ ಮಾತ್ರ ಸರಿಯಲ್ಲ. ಜೆಪೆಗ್ ಚಿತ್ರದಲ್ಲಿ ಎಕ್ಸಿಫ್‌ಗೆ ಇರುವ ಜಾಗವೇ 64 ಕೆ.ಬಿ.ಯೊಳಗೆ. ಭಾರವೆಲ್ಲ ಚಿತ್ರದ್ದು.

ಆದರೆ ಕುಗ್ಗಿಸುವುದಕ್ಕೂ ಮಿತಿ ಇದೆ. ಬಲಿತ ಸೈನಿಕ ಹುಳುವನ್ನು ಗುರುತಿಸುವುದು ತಲೆಯ ಮೇಲಿನ ತಲೆಕೆಳಗಾದ ‘ವೈ’ ಗುರುತಿನಿಂದ ಮತ್ತು ಹಿಂಭಾಗದಲ್ಲಿ ಚೌಕಾಕಾರವಾಗಿರುವ ನಾಲ್ಕು ಕಪ್ಪು ಚುಕ್ಕೆಗಳಿಂದ. ತಲೆಯ ಅಗಲ ಸುಮಾರು ಎರಡೂವರೆ ಮಿಲಿಮೀಟರು. 30 ಸೆಂಟಿಮೀಟರು ಅಗಲದ ನೋಟವನ್ನು 4000 ಪಿಕ್ಸೆಲ್‌ನಲ್ಲಿ ಹಿಡಿದರೆ ಆ ತಲೆಗೆ 33 ಪಿಕ್ಸೆಲ್ ಸಿಗುತ್ತವೆ. 1600ಕ್ಕೆ ಇಳಿಸಿದಾಗ 13, 800ಕ್ಕೆ ಇಳಿಸಿದಾಗ ಏಳೂ ಇಲ್ಲ. ಏಳು ಪಿಕ್ಸೆಲ್‌ನಲ್ಲಿ ‘ವೈ’ ಕಾಣುವುದು ಯಾವ ಕೀಟತಜ್ಞರಿಗೂ ಸಾಧ್ಯವಿಲ್ಲ. ಆದ್ದರಿಂದ ಇಡೀ ಗಿಡದ ಒಂದು ಚಿತ್ರ, ಹುಳುವಿಗೆ ಹತ್ತಿರ ಹೋಗಿ ತೆಗೆದ ಇನ್ನೊಂದು, ಹೀಗೆ ಎರಡು ತೆಗೆದು ಮೊದಲನೆಯದನ್ನು ಹೆಚ್ಚು ಕುಗ್ಗಿಸುವುದು ಉತ್ತಮ.

ಮಾಡುವ ಕ್ರಮ

ಮೂಲ ಚಿತ್ರವನ್ನು ಮುಟ್ಟದೆ, ಪ್ರತಿ ಮಾಡಿಕೊಂಡು ಆ ಪ್ರತಿಯನ್ನು ಮಾತ್ರ ಕುಗ್ಗಿಸಬೇಕು. ರೈತ ಸಂಪರ್ಕ ಕೇಂದ್ರದ ಕಂಪ್ಯೂಟರಿನಲ್ಲಾದರೆ ಗಿಂಪ್‌ನಂಥ ಉಚಿತ ತಂತ್ರಾಂಶ ಸಾಕು. ಜೆಪೆಗ್ ಆಗಿ ಉಳಿಸುವಾಗ ಎಕ್ಸಿಫ್ ಮಾಹಿತಿ ಇಟ್ಟುಕೊಳ್ಳುವ ಆಯ್ಕೆಗೆ ಗುರುತು ಹಾಕಬೇಕು. ನೂರಾರು ಚಿತ್ರಗಳಿದ್ದರೆ ಇಮೇಜ್‌ಮ್ಯಾಜಿಕ್ ಅನುಕೂಲ. ಗಾತ್ರ ಇಳಿಸುವ ಆದೇಶ ಮಾಹಿತಿಯನ್ನು ಉಳಿಸುತ್ತದೆ, ‘ಸ್ಟ್ರಿಪ್’ ಎಂಬ ಆದೇಶ ಸೇರಿಸಿದರೆ ಅಳಿಸುತ್ತದೆ. ಚೀಟಿ ಈಗಾಗಲೇ ಹೋಗಿದ್ದು ಮೂಲ ಚಿತ್ರ ಉಳಿದಿದ್ದರೆ, ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನದಿಂದ ಮೂಲದ ಮಾಹಿತಿಯನ್ನು ಚಿಕ್ಕ ಪ್ರತಿಗೆ ನಕಲಿಸಬಹುದು. ಹೀಗೆ ನಕಲಿಸಿದ ಮೇಲೆ ಕೆಲವೊಮ್ಮೆ ಚಿತ್ರ ಅಡ್ಡ ತಿರುಗಿ ನಿಲ್ಲುತ್ತದೆ. ತಂತ್ರಾಂಶ ಚಿತ್ರವನ್ನು ಒಮ್ಮೆ ತಿರುಗಿಸಿದ್ದು, ಹಳೆಯ ದಿಕ್ಕಿನ ಗುರುತು ಮತ್ತೊಮ್ಮೆ ತಿರುಗಿಸುವುದೇ ಇದಕ್ಕೆ ಕಾರಣ. ಗಾಬರಿ ಬೇಡ, ದಿಕ್ಕಿನ ಗುರುತನ್ನಷ್ಟೇ ಸರಿಪಡಿಸಿದರಾಯಿತು.

ಮೊಬೈಲಿನಲ್ಲೇ ಕುಗ್ಗಿಸುವ ಆ್ಯಪ್‌ಗಳ ವಿಷಯದಲ್ಲಿ ಪರೀಕ್ಷಿಸಿ ನೋಡಿಯೇ ನಂಬಬೇಕು. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದೀಚೆಗೆ, ವಿಶೇಷ ಅನುಮತಿ ಇಲ್ಲದ ಆ್ಯಪ್‌ಗೆ ಚಿತ್ರದೊಳಗಿನ ಸ್ಥಳವನ್ನು ವ್ಯವಸ್ಥೆಯೇ ಮರೆಮಾಡುತ್ತದೆ. ತಾರೀಖು ಉಳಿದು ಸ್ಥಳ ಮಾತ್ರ ಮಾಯವಾಗುವುದು ಹೀಗೆ. ಕುಗ್ಗಿಸಿದ ಚಿತ್ರವನ್ನು ಗ್ಯಾಲರಿಯಲ್ಲಿ ತೆರೆದು ‘ವಿವರ’ ನೋಡಿದರೆ ಗೊತ್ತಾಗುತ್ತದೆ. ಪರದೆಯ ಚಿತ್ರ, ಅಂದರೆ ಸ್ಕ್ರೀನ್‌ಶಾಟ್, ತೆಗೆದು ಕಳಿಸುವ ರೂಢಿಯನ್ನಂತೂ ಬಿಡಲೇಬೇಕು. ಅದರಲ್ಲಿ ಮೂಲದ ಚೀಟಿ ಇರುವುದೇ ಇಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ತಾನೇ ಕುಗ್ಗಿಸಿ ಮಾಹಿತಿಯನ್ನೂ ತೆಗೆದುಹಾಕುತ್ತದೆ. ಕಡತವಾಗಿ, ಅಂದರೆ ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಇದ್ದಂತೆಯೇ ತಲುಪುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಹಾಕಿದ ಚಿತ್ರದಿಂದ ನೋಡುಗರಿಗೆ ಸ್ಥಳದ ಅಂಕಿಗಳು ಸಿಗುವುದಿಲ್ಲ. ಅಲ್ಲಿ ಹಾಕುವವರು ಊರು, ತಾರೀಖು, ತಳಿ, ಬಿತ್ತಿದ ದಿನಗಳನ್ನು ಚಿತ್ರದ ಕೆಳಗೆ ಬರೆಯಬೇಕು.

ಎಚ್ಚರಿಕೆ

ಚೀಟಿ ಉಳಿಸಬಾರದ ಚಿತ್ರಗಳೂ ಇವೆ. ಹಿತ್ತಲಿನ ಬಲಿತ ಶ್ರೀಗಂಧದ ಮರದ ಚಿತ್ರವನ್ನು ಅಕ್ಷಾಂಶ, ರೇಖಾಂಶ ಸಮೇತ ನೂರು ಜನರ ಗುಂಪಿಗೆ ಕಡತವಾಗಿ ಕಳಿಸುವುದು ಕಳ್ಳರಿಗೆ ದಾರಿ ತೋರಿಸಿದಂತೆ. ಮನೆ, ಮಕ್ಕಳ ಚಿತ್ರಗಳಿಗೂ ಇದೇ ಮಾತು.

ಬೆಳೆ ವಿಮೆಯ ಬಗ್ಗೆಯೂ ಒಂದು ಮಾತು ಅಗತ್ಯ. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆಯಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಎಕ್ಸಿಫ್ ಅಂಕಿಗಳನ್ನು ತಿದ್ದಲು ಬರುವುದರಿಂದ ಕೈಯಲ್ಲಿರುವ ಫೋಟೊ ಪೂರಕ ಸಾಕ್ಷಿಯೇ ಹೊರತು ದೂರಿಗೆ ಬದಲಿಯಲ್ಲ. ಮೊದಲು ದೂರು ದಾಖಲಿಸಿ, ಆಮೇಲೆ ಚಿತ್ರ ಕುಗ್ಗಿಸುವ ಕೆಲಸಕ್ಕೆ ಕೂರಬೇಕು. ಮೂಲ ಚಿತ್ರಗಳನ್ನು ಪರಿಹಾರ ಇತ್ಯರ್ಥವಾಗುವವರೆಗೆ ಮೊಬೈಲಿನಿಂದ ಅಳಿಸಬಾರದು.