ಕಾಡಣಬೆ: ಒಲವು ಮತ್ತು ಅಂಜಿಕೆ

ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲ ಹದಗೊಂಡೊಡನೆ ಮಲೆನಾಡಿನ ಹುತ್ತಗಳ ಸುತ್ತ ಬೆಳ್ಳನೆಯ ಕೊಡೆಗಳು ತಲೆಯೆತ್ತುತ್ತವೆ. ಅವುಗಳನ್ನು ಕಂಡವರಲ್ಲಿ ಕೆಲವರು ಬುಟ್ಟಿ ಹಿಡಿದು ಧಾವಿಸುತ್ತಾರೆ; ಮತ್ತೆ ಕೆಲವರು ‘ನಾಯಿಕೊಡೆ’ಯೆಂದು ಮೂಗು ಮುರಿದು ದೂರ ಸರಿಯುತ್ತಾರೆ. ಒಂದೇ ವಸ್ತುವಿನ ಬಗೆಗೆ ಇಂತಹ ಎರಡು ಮನೋಭಾವಗಳಿರುವುದು ವಿಚಾರಯೋಗ್ಯವಾದ ಸಂಗತಿ.

ಜನರ ಇಷ್ಟಾನಿಷ್ಟ

ಈ ಭೇದ ಕನ್ನಡ ನಾಡಿಗಷ್ಟೇ ಸೀಮಿತವಲ್ಲ. ಅಮೆರಿಕದ ಗಾರ್ಡನ್ ವ್ಯಾಸನ್ ಮತ್ತು ರಷ್ಯಾ ಮೂಲದ ವೈದ್ಯೆಯಾದ ಆತನ ಪತ್ನಿ ವ್ಯಾಲೆಂಟಿನಾ 1927ರಲ್ಲಿ ನ್ಯೂಯಾರ್ಕ್ ಪ್ರಾಂತದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ವಿಹರಿಸುತ್ತಿದ್ದಾಗ, ಆಕೆ ಅಣಬೆಗಳನ್ನು ಕಂಡು ಹರ್ಷದಿಂದ ಆರಿಸಿ ತಂದು ಅಡಿಗೆ ಮಾಡಿ ಉಂಡಳು. ಆತ ಅವುಗಳನ್ನು ಮುಟ್ಟಲಿಲ್ಲ. ಈ ವ್ಯತ್ಯಾಸದ ಮೂಲವನ್ನು ಅರಸುತ್ತ ದಂಪತಿಗಳು ದೀರ್ಘಕಾಲ ಅಧ್ಯಯನ ನಡೆಸಿ 1957ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅಣಬೆಯನ್ನು ಒಲಿಯುವ ಜನಾಂಗಗಳು, ಅದಕ್ಕೆ ಅಂಜುವ ಜನಾಂಗಗಳು ಎಂಬ ವಿಭಜನೆ ಅವರಿಂದ ಪ್ರಸಿದ್ಧವಾಯಿತು.

ಭಾರತದಲ್ಲಿ ಮನುಸ್ಮೃತಿಯು ಬೆಳ್ಳುಳ್ಳಿ, ಈರುಳ್ಳಿಗಳೊಡನೆ ಅಣಬೆಯನ್ನೂ ದ್ವಿಜರಿಗೆ ನಿಷೇಧಿಸಿದೆ. ಆದರೆ ಕೊಡಗಿನಲ್ಲಿ ‘ಕುಮ್ಮು’ ಮಳೆಗಾಲದ ಮೆಚ್ಚಿನ ಮೇಲೋಗರ. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ದೊರೆಯುವ ದುಂಡನೆಯ ಕಲ್ಲಣಬೆಗೂ ವಿಶೇಷ ಬೇಡಿಕೆಯುಂಟು. ಅಣಬೆ ಶಾಕವೋ ಮಾಂಸವೋ ಎಂದು ಸಂದೇಹಿಸುವವರೂ ಇದ್ದಾರೆ. ವಿಜ್ಞಾನದ ದೃಷ್ಟಿಯಲ್ಲಿ ಅದು ಸಸ್ಯವೂ ಅಲ್ಲ, ಪ್ರಾಣಿಯೂ ಅಲ್ಲ. ಅದರಲ್ಲಿ ಪತ್ರಹರಿತ್ತಿಲ್ಲ, ಆದುದರಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಲಾರದು. 1969ರಲ್ಲಿ ವಿಟೇಕರ್ ಎಂಬ ವಿಜ್ಞಾನಿ ತನ್ನ ಐದು ಸಾಮ್ರಾಜ್ಯಗಳ ವರ್ಗೀಕರಣದಲ್ಲಿ ಶಿಲೀಂಧ್ರಗಳಿಗೆ ಪ್ರತ್ಯೇಕ ಸ್ಥಾನವನ್ನಿತ್ತನು.

ಹುತ್ತದೊಳಗಿನ ಬೇಸಾಯ

ಹುತ್ತದ ಅಣಬೆಯ ನಿಜವಾದ ಕೃಷಿಕರು ಗೆದ್ದಲುಗಳು. ಅವು ಒಣ ಎಲೆ, ಕಟ್ಟಿಗೆಗಳನ್ನು ತಿಂದು ವಿಸರ್ಜಿಸಿದ ದ್ರವ್ಯದಿಂದ ಹುತ್ತದೊಳಗೆ ಜೇನುಹಟ್ಟಿಯಂತಹ ರಚನೆಯನ್ನು ಕಟ್ಟಿ ಅದರ ಮೇಲೆ ಶಿಲೀಂಧ್ರವನ್ನು ಬೆಳೆಸುತ್ತವೆ. ಶಿಲೀಂಧ್ರವು ಗಡುಸಾದ ನಾರನ್ನು ಜೀರ್ಣಯೋಗ್ಯವನ್ನಾಗಿ ಮಾಡುತ್ತದೆ, ಗೆದ್ದಲು ಅದನ್ನುಣ್ಣುತ್ತದೆ. ಮಳೆ ಬಂದಾಗ ಈ ತೋಟದಿಂದಲೇ ಅಣಬೆ ಮೇಲೇಳುತ್ತದೆ. ಈ ಸಹಜೀವನದ ಕಾರಣ ಇದನ್ನು ಇತರ ಅಣಬೆಗಳಂತೆ ಕೃಷಿ ಮಾಡುವುದು ಬಹಳ ಕಷ್ಟ. ಹುತ್ತವನ್ನು ಅಗೆಯದೆ ಕಾಂಡವನ್ನಷ್ಟೇ ಕೊಯ್ಯುವುದು ವಿವೇಕ. ತೋಟ ಉಳಿದರೆ ಮುಂದಿನ ವರ್ಷದ ಫಲವೂ ಉಳಿಯುತ್ತದೆ.

ಅಂಜಿಕೆಗೆ ಕಾರಣ

ಅಣಬೆಯ ಭಯ ನಿರಾಧಾರವಾದುದಲ್ಲ. ‘ಡೆತ್ ಕ್ಯಾಪ್’ ಎಂಬ ಅಣಬೆಯಲ್ಲಿರುವ ವಿಷ ಬೇಯಿಸುವುದರಿಂದಾಗಲಿ ಒಣಗಿಸುವುದರಿಂದಾಗಲಿ ನಾಶವಾಗದು. ತಿಂದ ಆರು ಗಂಟೆಗಳ ತರುವಾಯ, ಕೆಲವೊಮ್ಮೆ ಒಂದು ದಿನದ ಬಳಿಕ, ವಾಂತಿಭೇದಿಗಳು ತೊಡಗುತ್ತವೆ. ಅನಂತರ ರೋಗಿ ಚೇತರಿಸಿಕೊಂಡಂತೆ ತೋರುತ್ತಾನೆ. ಆದರೆ ಅಷ್ಟರಲ್ಲಿ ಯಕೃತ್ತು ಹಾಳಾಗುತ್ತಿರುತ್ತದೆ. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ 2011ರ ವರ್ಷಾಂತ್ಯದ ಊಟದಲ್ಲಿ ಇದನ್ನು ಸೇವಿಸಿದ ಇಬ್ಬರು 2012ರ ಜನವರಿಯಲ್ಲಿ ಅಸುನೀಗಿದರು. ಏಷ್ಯದಲ್ಲಿ ಪರಿಚಿತವಾದ ಭತ್ತದ ಹುಲ್ಲಿನ ಅಣಬೆಯೆಂದು ಅದನ್ನು ತಪ್ಪಾಗಿ ತಿಳಿದುದೇ ದುರಂತಕ್ಕೆ ಕಾರಣವೆಂದು ಭಾವಿಸಲಾಗಿದೆ.

ಬೆಳ್ಳಿಯ ಚಮಚ ಕಪ್ಪಾಗದಿದ್ದರೆ ವಿಷವಿಲ್ಲ, ಹುಳು ತಿಂದ ಅಣಬೆ ಮನುಷ್ಯನಿಗೂ ಯೋಗ್ಯ, ಬಿಳಿಯದೆಲ್ಲ ಒಳ್ಳೆಯದು ಎಂಬ ನಂಬಿಕೆಗಳು ಸಂಪೂರ್ಣ ಅಸತ್ಯ. ಎಲ್ಲ ಅಣಬೆಗಳಿಗೂ ಅನ್ವಯಿಸುವ ಒಂದೇ ಪರೀಕ್ಷೆ ಎಂಬುದಿಲ್ಲ. ವಿಷಸೇವನೆಯ ಶಂಕೆಯುಂಟಾದರೆ ಉಳಿದ ಅಣಬೆಯ ತುಂಡಿನೊಡನೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು. ವಾಂತಿ ನಿಂತಿತೆಂದು ಚಿಕಿತ್ಸೆಯನ್ನು ತಡಮಾಡಬಾರದು.

ಅರಿವಿನ ಮಿತಿ

ಹಳ್ಳಿಯ ಅನುಭವಿ ಹೆಂಗಸು ಹುತ್ತದ ಅಣಬೆಯನ್ನು ನಿಶ್ಚಿಂತೆಯಿಂದ ಕೊಯ್ದು ತರುವಳು. ಆಕೆ ಎಲ್ಲ ಅಣಬೆಗಳನ್ನೂ ಬಲ್ಲವಳೆಂದು ಇದರ ಅರ್ಥವಲ್ಲ. ಆ ನೆಲದ, ಆ ಋತುವಿನ, ಎರಡು ಮೂರು ಜಾತಿಗಳನ್ನು ಆಕೆ ಚೆನ್ನಾಗಿ ಬಲ್ಲಳು, ಉಳಿದುದನ್ನು ಮುಟ್ಟಳು. ಬಲ್ಲುದನ್ನು ಆರಿಸುವುದು, ಅರಿಯದುದನ್ನು ಬಿಡುವುದು, ಇವೆರಡೂ ಸೇರಿದರೇ ಅದು ಜ್ಞಾನ. ವಿದ್ಯಾರ್ಥಿಗಳು ಅಣಬೆಯನ್ನು ಕಂಡರೆ ನಿಂತು ನೋಡಲಿ, ಚಿತ್ರ ಬರೆದುಕೊಳ್ಳಲಿ, ಹಿರಿಯರನ್ನು ಕೇಳಲಿ. ಸಂಶಯವುಳಿದ ಅಣಬೆ ಮಾತ್ರ ನೆಲದಲ್ಲಿಯೇ ಇರಲಿ.